ಮಿನಾರು ಕತ್ತರಿಸಿ ಹೋಗದಂತೆ ಹಿನ್ನೆಲೆ ಚಿತ್ರ ಕೂರಿಸುವುದು ಹೇಗೆ?

ಬೀದರ್, ಕಲಬುರಗಿಯ ಲಾಡ್ಜು, ಕಾಲೇಜುಗಳಿಗೆ ಜಾಲತಾಣ ಮಾಡಿಕೊಡುವ ಹುಡುಗರು ಮೊದಲ ಪುಟಕ್ಕೆ ಮಹಮೂದ್ ಗವಾನ್ ಮದರಸಾದ ಅಗಲವಾದ ಫೋಟೊ ಹಾಕುತ್ತಾರೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಅದೇ ಪುಟವನ್ನು ಮೊಬೈಲಿನಲ್ಲಿ ತೆರೆದರೆ ಬರೀ ಗೋಡೆ ಕಾಣಿಸುತ್ತದೆ. 1472ರ ಆ ಕಟ್ಟಡದ ಎರಡು ಮಿನಾರುಗಳಲ್ಲಿ ಉಳಿದಿರುವುದೇ ಒಂದು, ಅದನ್ನೂ ಸಿಎಸ್‌ಎಸ್ (ಪುಟದ ನೋಟವನ್ನು ನಿರ್ಧರಿಸುವ ಭಾಷೆ) ಬರೆದು ಕಳೆಯುವುದು ಬೇಡ.

ಮೊದಲು ಚಿತ್ರ ಕೂರಬೇಕಾದ ಡಿವ್‌ಗೆ, ಅಂದರೆ ಪುಟದ ಆ ಚೌಕಟ್ಟಿಗೆ, ಎತ್ತರ ಕೊಡಬೇಕು. ಒಳಗೆ ಏನೂ ಇಲ್ಲದ ಡಿವ್‌ಗೆ ತಾನಾಗಿ ಎತ್ತರ ಬರುವುದಿಲ್ಲವಾದ್ದರಿಂದ ಚಿತ್ರವೂ ಕಾಣುವುದಿಲ್ಲ. ಚಿತ್ರದ ವಿಳಾಸವನ್ನು ಸಿಎಸ್‌ಎಸ್ ಕಡತ ಇರುವ ಫೋಲ್ಡರಿನಿಂದ ಲೆಕ್ಕ ಹಿಡಿದು ಬರೆಯಿರಿ. ಬ್ಯಾಕ್‌ಗ್ರೌಂಡ್-ರಿಪೀಟ್‌ಗೆ ನೋ-ರಿಪೀಟ್, ಬ್ಯಾಕ್‌ಗ್ರೌಂಡ್-ಸೈಜ್‌ಗೆ ಕವರ್ (ಡಿವ್ ಪೂರ್ತಿ ತುಂಬುವಷ್ಟು ಅಳತೆ) ಎಂದು ಕೊಟ್ಟರೆ ಸುಲಭದ ಕೆಲಸ ಮುಗಿಯಿತು.

ಎಡವುವುದು ಬ್ಯಾಕ್‌ಗ್ರೌಂಡ್-ಪೊಸಿಷನ್‌ನಲ್ಲಿ. ಅಲ್ಲಿ ಬರೆಯುವ ಶೇಕಡಾವನ್ನು ಎಡ ಅಂಚಿನಿಂದ ಇರುವ ದೂರವೆಂದು ಬಹಳ ಮಂದಿ ತಿಳಿಯುತ್ತಾರೆ, ಅದು ತಪ್ಪು. ಶೇ 80 ಎಂದರೆ ಚಿತ್ರದ ಶೇ 80ರ ಬಿಂದುವನ್ನು ಡಿವ್‌ನ ಶೇ 80ರ ಬಿಂದುವಿನ ಮೇಲೆ ಕೂರಿಸುವುದು. ಅಂದರೆ ಡಿವ್‌ನ ಅಗಲದಲ್ಲಿ ಚಿತ್ರದ ಅಗಲವನ್ನು ಕಳೆದು, ಉಳಿದದ್ದನ್ನು ಆ ಶೇಕಡಾದಿಂದ ಗುಣಿಸಿದರೆ ಚಿತ್ರ ಎಷ್ಟು ಸರಿಯುತ್ತದೆಂದು ಸಿಗುತ್ತದೆ. 1800 ಪಿಕ್ಸೆಲ್ ಅಗಲ, 900 ಎತ್ತರದ ಫೋಟೊವನ್ನು 400 ಅಗಲ, 600 ಎತ್ತರದ ಡಿವ್‌ನಲ್ಲಿ ಹಾಕಿದರೆ, ಕವರ್ ಅದನ್ನು 1200 ಅಗಲ, 600 ಎತ್ತರಕ್ಕೆ ಇಳಿಸುತ್ತದೆ. ಮಿನಾರಿನ ನಡುಗೆರೆ ಇಳಿಸಿದ ಚಿತ್ರದ 1000ನೇ ಪಿಕ್ಸೆಲ್‌ನಲ್ಲಿದೆ ಎಂದುಕೊಳ್ಳಿ. ಸೆಂಟರ್, ಅಂದರೆ ಶೇ 50, ಎಂದು ಬರೆದರೆ ಉತ್ತರ ಋಣ 400 ಬಂದು ಚಿತ್ರ 400 ಪಿಕ್ಸೆಲ್ ಎಡಕ್ಕೆ ಸರಿದು 400ರಿಂದ 800ರವರೆಗಿನ ಭಾಗ ಮಾತ್ರ ಕಾಣುತ್ತದೆ, ಮಿನಾರು ಹೊರಗುಳಿಯುತ್ತದೆ. ಶೇ 75 ಕೊಟ್ಟರೂ 1000ಕ್ಕೇ ಚಿತ್ರ ಮುಗಿದು ಮಿನಾರು ಉದ್ದಕ್ಕೆ ಸೀಳಿದಂತೆ ಅರ್ಧವಾಗುತ್ತದೆ. ಶೇ 100 ಕೊಟ್ಟರೆ 800ರಿಂದ 1200ರ ಭಾಗ ಬಂದು ಮಿನಾರು ಸರಿಯಾಗಿ ನಡುವೆ ನಿಲ್ಲುತ್ತದೆ. ಡಿವ್‌ನ ಅಗಲವೂ 1200 ಆಗಿದ್ದರೆ ಕಳೆದು ಉಳಿಯುವುದು ಸೊನ್ನೆ, ಆಗ ಯಾವ ಶೇಕಡಾ ಬರೆದರೂ ಚಿತ್ರ ಅಡ್ಡಕ್ಕೆ ಕದಲುವುದಿಲ್ಲ. ಕಂಪ್ಯೂಟರಿನಲ್ಲಷ್ಟೇ ನೋಡಿದವರಿಗೆ ತಪ್ಪು ಗೊತ್ತಾಗದಿರುವುದು ಇದರಿಂದಲೇ.

ಎತ್ತರಕ್ಕೂ ಇದೇ ಲೆಕ್ಕ. ಅಗಲ 1200, ಎತ್ತರ 400ರ ಪಟ್ಟಿಯಂಥ ಡಿವ್‌ನಲ್ಲಿ ಸೆಂಟರ್ ಕೊಟ್ಟರೆ ಮೇಲೆ 100, ಕೆಳಗೆ 100 ಪಿಕ್ಸೆಲ್ ಹೋಗಿ ಮಿನಾರಿನ ತುದಿಗೆ ಅಪಾಯ, ಆದ್ದರಿಂದ ಪೊಸಿಷನ್‌ನ ಎರಡನೆಯ (ಮೇಲೆ-ಕೆಳಗಿನ) ಬೆಲೆಯನ್ನು ಟಾಪ್ ಎಂದೇ ಬರೆಯಿರಿ.

ಎಲ್ಲವನ್ನೂ ಬ್ಯಾಕ್‌ಗ್ರೌಂಡ್ ಎಂಬ ಒಂದೇ ಸಾಲಿನಲ್ಲಿ ತುರುಕುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಪೊಸಿಷನ್ ಮತ್ತು ಸೈಜ್ ನಡುವಿನ ಓರೆಗೆರೆ ಬಿಟ್ಟುಹೋದರೆ ಬ್ರೌಸರ್ ಇಡೀ ಸಾಲನ್ನೇ ತಿರಸ್ಕರಿಸುತ್ತದೆ. ಸರಿಯಾಗಿಯೇ ಬರೆದರೂ, ಅದಕ್ಕೂ ಮೊದಲು ಬೇರೆಯಾಗಿ ಕೊಟ್ಟಿದ್ದ ಪೊಸಿಷನ್ ಅಳಿಸಿಹೋಗುತ್ತದೆ. ಪುಕ್ಕಟೆ ಸಿಗುವ ಟೆಂಪ್ಲೇಟುಗಳಲ್ಲಿ ಕಾಣುವ ಬ್ಯಾಕ್‌ಗ್ರೌಂಡ್-ಅಟ್ಯಾಚ್‌ಮೆಂಟ್: ಫಿಕ್ಸ್ಡ್ ಎಂಬುದನ್ನಂತೂ ಮೊದಲು ಕಿತ್ತುಹಾಕಿ, ಏಕೆಂದರೆ ಆಗ ಲೆಕ್ಕವೆಲ್ಲ ಡಿವ್ ಬಿಟ್ಟು ಇಡೀ ಪರದೆಯ ಅಳತೆಗೆ ಹೋಗುತ್ತದೆ.

ಕಣ್ಣು ಕಾಣದವರಿಗೆ ಪುಟ ಓದಿಹೇಳುವ ತಂತ್ರಾಂಶಗಳು ಹಿನ್ನೆಲೆ ಚಿತ್ರವನ್ನು ಗುರುತಿಸುವುದಿಲ್ಲ. ಮಿನಾರೇ ಪುಟದ ವಿಷಯವಾಗಿದ್ದರೆ ಇಮೇಜ್ ಟ್ಯಾಗ್ ಬಳಸಿ, ಆಲ್ಟ್ ವಿವರಣೆ ಬರೆದು, ಆಬ್ಜೆಕ್ಟ್-ಫಿಟ್‌ಗೆ ಕವರ್ ಕೊಡಿ. ಆಬ್ಜೆಕ್ಟ್-ಪೊಸಿಷನ್‌ನ ಶೇಕಡಾ ಲೆಕ್ಕವೂ ಮೇಲೆ ಹೇಳಿದ್ದೇ.