ಮೊದಲ ಚಾಕು: ಪುಣೆಯ ಫ್ಲ್ಯಾಟಿನಲ್ಲೇ ಮಾಡಿ

ಚಾಕು ಮಾಡಬೇಕು ಅಂತ ತಲೆಗೆ ಬಂದ ಕೂಡಲೇ ಎಲ್ಲರೂ ಓಡುವುದು ಜುನಾ ಬಝಾರಿಗೆ. ಬುಧವಾರ, ಭಾನುವಾರ ಅಲ್ಲಿ ಲಾರಿಯ ಪಟ್ಟಾ, ಹಳೇ ಅರ, ಗರಗಸದ ತುಂಡು ಎಲ್ಲಾ ಅಗ್ಗಕ್ಕೆ ಸಿಗುತ್ತವೆ. ಮೊದಲ ಚಾಕುವಿಗೆ ಅದು ಬೇಡ. ಅದು ಯಾವ ಉಕ್ಕು ಅಂತ ಮಾರುವವನಿಗೂ ಗೊತ್ತಿರುವುದಿಲ್ಲ, ಉಕ್ಕು ಗೊತ್ತಿಲ್ಲದೆ ಹದ ಕೊಡಲು, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಲು, ಬರುವುದಿಲ್ಲ, ಹದ ತಪ್ಪಿದರೆ ಎಷ್ಟು ಚೆಂದ ಉಜ್ಜಿದರೂ ಅದು ಚಾಕುವಿನ ಆಕಾರದ ತಗಡು ಅಷ್ಟೇ.

ಪುಣೆಯವರಿಗೆ ಒಂದು ಅನುಕೂಲ ಇದೆ. ಪಿಂಪ್ರಿ, ಚಿಂಚವಾಡ, ಭೋಸರಿ ಕಡೆ ಡೈ, ಅಂದರೆ ಲೋಹದ ಅಚ್ಚು, ಮಾಡುವ ವರ್ಕ್‌ಶಾಪುಗಳು ಜಾಸ್ತಿ. ಅವರು ಬಳಸುವ, ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವ ಓಎಚ್‌ಎನ್‌ಎಸ್ ಉಕ್ಕಿನಲ್ಲಿ ಶೇ 0.9ರಷ್ಟು ಇಂಗಾಲ ಇರುತ್ತದೆ, ಚಾಕುವಿಗೆ ಹೇಳಿ ಮಾಡಿಸಿದ್ದು. 3 ಮಿ.ಮೀ. ದಪ್ಪ, 3 ಸೆಂ.ಮೀ. ಅಗಲದ ಪಟ್ಟಿ ಸಾಕು. ಮೆತ್ತಗೆ ಮಾಡಿಯೇ ಮಾರುವುದರಿಂದ ಹ್ಯಾಕ್ಸಾಕ್ಕೂ (ಲೋಹ ಕೊಯ್ಯುವ ಗರಗಸ) ಅರಕ್ಕೂ ಬಗ್ಗುತ್ತದೆ. ಈ ಕೆಲಸದ ಉಪಕರಣಗಳು ರವಿವಾರ ಪೇಠದ ಬೋಹರಿ ಆಳಿಯಲ್ಲಿ ಸಿಗುತ್ತವೆ.

ಮೊದಲು ರಟ್ಟಿನ ಮೇಲೆ ಬರೆದು ಕತ್ತರಿಸಿ, ಕೈಯಲ್ಲಿ ಹಿಡಿದು ನೋಡಿ. ಅಲಗು 12 ಸೆಂ.ಮೀ., ಹಿಡಿ 11 ಸೆಂ.ಮೀ. ಇದ್ದರೆ ಈರುಳ್ಳಿ, ಬದನೆಕಾಯಿಗೆ ಧಾರಾಳ. ಸಿನಿಮಾದ ಕಠಾರಿ ಬೇಡ. ಅಡುಗೆಮನೆಯ, ಹೊಲದ ಕೆಲಸದ ಸಾಧನ ಬಿಟ್ಟು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದಡಿ ಬರುತ್ತದೆ, ಸುಮ್ನೆ ತಲೆನೋವು ಯಾಕೆ?

ರಟ್ಟಿನ ಗುರುತು ಉಕ್ಕಿಗೆ ಇಳಿಸಿ, ಹ್ಯಾಕ್ಸಾದಿಂದ ಕತ್ತರಿಸಿ, ಅರದಿಂದ ಆಕಾರಕ್ಕೆ ತನ್ನಿ.

ಈಗ ಕೈ ನಡುಗುವ ಕೆಲಸ, ಇಳಿಜಾರು ತೆಗೆಯುವುದು, ಅಂದರೆ ಅಲಗನ್ನು ಎರಡೂ ಕಡೆಯಿಂದ ಅಂಚಿನತ್ತ ತೆಳುವಾಗಿಸುವುದು. ಅಂಚಿನ ಉದ್ದಕ್ಕೂ ಮಾರ್ಕರ್ ಬಳಿದು, ಅಲಗನ್ನು ಗಾಜಿನ ಮೇಲೆ ಮಲಗಿಸಿ. ಪಕ್ಕದಲ್ಲಿ 3 ಮಿ.ಮೀ. ಡ್ರಿಲ್ ಬಿಟ್ ಮಲಗಿಸಿ ಅದರ ತುದಿಯಿಂದ ಅಂಚನ್ನು ಗೀರಿದರೆ ಗೆರೆ ಸರಿಯಾಗಿ ನಡುವೆ ಬೀಳುತ್ತದೆ. ಎರಡೂ ಕಡೆಯಿಂದ ಆ ಗೆರೆಯತ್ತ ಅರ ಹೊಡೆಯಿರಿ, ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ, ಯಾಕೆಂದರೆ ಒಂದೇ ಕಡೆ ಮುಗಿಸಿಬಿಡೋಣ ಅಂತ ಹೊರಟವರ ಅಂಚು ಓರೆಯಾಗುವುದು ಖಾತ್ರಿ. ಅರವನ್ನು ಮುಂದಕ್ಕೆ ಮಾತ್ರ ಒತ್ತಿ, ಹಿಂದಕ್ಕೆ ತರುವಾಗ ಎತ್ತಿ. ಅದರ ಹಲ್ಲಿಗೆ ಸೀಮೆಸುಣ್ಣ ಉಜ್ಜಿಟ್ಟರೆ ಉಕ್ಕಿನ ಪುಡಿ ಕಚ್ಚಿಕೊಂಡು ಗೀರು ಬೀಳುವುದು ತಪ್ಪುತ್ತದೆ. ಅಂಚು ಮುಕ್ಕಾಲು ಮಿ.ಮೀ. ಉಳಿದಾಗ ನಿಲ್ಲಿಸಿ, ಇನ್ನೂ ತೆಳುವಾದರೆ ಹದ ಕೊಡುವಾಗ ಸೊಟ್ಟಗಾಗುತ್ತದೆ. ಅಂದಹಾಗೆ ಮಧ್ಯಾಹ್ನ 1ರಿಂದ 4ರವರೆಗೆ ಈ ಕೆಲಸ ಬೇಡ. ಪುಣೇಕರರ ನಿದ್ದೆ ಕೆಡಿಸಿ ಸೊಸೈಟಿಯಲ್ಲಿ ಬಾಳಲಾಗದು.

ಹಿಡಿಯ ತೂತುಗಳನ್ನು ಈಗಲೇ ಕೊರೆಯಿರಿ, ಹದ ಕೊಟ್ಟ ಮೇಲೆ ಸಾಮಾನ್ಯ ಡ್ರಿಲ್ ನಾಟುವುದಿಲ್ಲ.

ಹದ ಮಾತ್ರ ಹೊರಗೆ ಕೊಡಿ. ಈ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಒಂದೇ ಸಮ ಹಿಡಿದು ಆಮೇಲೆ ಎಣ್ಣೆಗೆ ಅದ್ದಬೇಕು, ಬಾಲ್ಕನಿಯ ಇದ್ದಿಲ ಒಲೆಯಲ್ಲಿ ಅದು ಆಗದ ಮಾತು. ಭೋಸರಿಯಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವವರ ಬಳಿ 58ರಿಂದ 60 ರಾಕ್‌ವೆಲ್ (ಗಡಸುತನದ ಅಳತೆ) ಬೇಕು, ಟೆಂಪರಿಂಗ್ (ಪೆಡಸು ಇಳಿಸಲು ಮತ್ತೆ ಹದವಾಗಿ ಕಾಯಿಸುವುದು) ಕೂಡ ಸೇರಿಸಿ ಅಂತ ಹೇಳಿ. ಒಂದೇ ತುಂಡು ಅಂದರೆ ಮುಖ ತಿರುಗಿಸಬಹುದು, ಅದೇ ಉಕ್ಕಿನ ಬೇರೆ ಮಾಲಿನ ಜೊತೆ ಹಾಕಿ ಅಂತ ಕೇಳಿನೋಡಿ. ವಾಪಸ್ ಬಂದ ಮೇಲೆ ಅಂಚಿನ ಹತ್ತಿರ ಅರ ಎಳೆದು ನೋಡಿ. ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ಹದ ಕೂತಿದೆ.

ಉಳಿದ ದಪ್ಪವನ್ನು ಒರಟು ಸಾಣೆಕಲ್ಲಿನಲ್ಲಿ ನೀರು ಹಾಕಿ ಇಳಿಸಿ, ಆಮೇಲೆ ಎಮರಿ ಪೇಪರ್. ಗ್ರೈಂಡರ್ ಬಳಸುವುದಾದರೆ ಪದೇ ಪದೇ ನೀರಿಗೆ ಅದ್ದಿ. ಅಂಚು ನೀಲಿಯಾಯಿತೋ, ಅಲ್ಲಿ ಹದ ಹೋಯಿತು ಅಂತಲೇ ಲೆಕ್ಕ.

ಹಿಡಿಗೆ ಭವಾನಿ ಪೇಠದ ಟಿಂಬರ್ ಮಾರ್ಕೆಟಿನ ಶೀಶಮ್ ಮರದ ತುಂಡು, ತೂತುಗಳಿಗೆ ಹಿತ್ತಾಳೆ ಕಡ್ಡಿ, ಅಂಟಿಗೆ ಅರಾಲ್ಡೈಟ್. ಅಂಟಿಸುವ ಮುಖವನ್ನು ಒರಟು ಮಾಡಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಡಿ. ಮರ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಅಲಗಿಗೆ ಬಟ್ಟೆ ಸುತ್ತಿ.

ಕೊನೆಗೆ ಹರಿತ ಮಾಡಲು 400, ಆಮೇಲೆ ಇನ್ನೂ ನುಣುಪಾದ 1000 ಗ್ರಿಟ್ ಕಲ್ಲು. 3 ಸೆಂ.ಮೀ. ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ ಮುಕ್ಕಾಲು ಸೆಂ.ಮೀ. ಎತ್ತಿದರೆ ಹೆಚ್ಚುಕಡಿಮೆ 15 ಡಿಗ್ರಿ ಕೋನ, ಎರಡೂ ಕಡೆ ಹಾಗೇ ಹಿಡಿದು ಉಜ್ಜಿ. ಇದು ಸ್ಟೇನ್‌ಲೆಸ್ ಅಲ್ಲ, ನಿಂಬೆಹಣ್ಣು ಕೊಯ್ದ ಕೂಡಲೇ ತೊಳೆದು ಒರೆಸಿ. ಬಳಸುತ್ತಾ ಬೂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಕೆಂಪು ಕಂಡರೆ ಮಾತ್ರ ಉಜ್ಜಿ, ಒಂದು ಹನಿ ಎಣ್ಣೆ ಸವರಿ.