ಅರಿಶಿನದ ಕಾಗದ, ಒಂದು ಮೀಟರ್ ಪೈಪು

ಮಳೆಗಾಲದಲ್ಲಿ ವ್ಯಾನ್ ಡಿ ಗ್ರಾಫ್ ಯಂತ್ರವನ್ನು ಸಕಲೇಶಪುರದ ಕಡೆ ಒಯ್ಯಬಾರದು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ ಅನ್ನಿ, ಯಾಕೆಂದರೆ ನಮ್ಮ ಮ್ಯೂಸಿಯಂಗೆ ಬರುವ ಮಕ್ಕಳು ಮುಗಿಬೀಳುವುದೇ ಅದರ ಮೇಲೆ. ಒಳಗೆ ಒಂದು ಪಟ್ಟಿ ತಿರುಗುತ್ತಾ ಇರುತ್ತೆ, ಮೇಲಿನ ಅಲ್ಯೂಮಿನಿಯಂ ಗುಂಡಿನಲ್ಲಿ ಚಾರ್ಜ್ ಕೂಡುತ್ತಾ ಹೋಗುತ್ತೆ, ಅದರ ಮೇಲೆ ಕೈ ಇಟ್ಟು ನಿಂತವರ ತಲೆಗೂದಲು ಮುಳ್ಳುಹಂದಿಯ ಹಾಗೆ ನೆಟ್ಟಗಾಗುತ್ತೆ. ನೋಡಿದವರು ಮರೆಯುವುದಿಲ್ಲ.

ನಾನು ಹಾಸನದ ಕಡೆಯ ಒಂದು ಚಿಕ್ಕ ವಿಜ್ಞಾನ ಮ್ಯೂಸಿಯಂನಲ್ಲಿ ಮಕ್ಕಳಿಗೆ ಪ್ರಯೋಗ ಮಾಡಿಸುವ ಕೆಲಸದಲ್ಲಿದ್ದೇನೆ. ಎರಡು ದೊಡ್ಡ ಕೋಣೆ, ಒಂದು ವರಾಂಡ, ಅಷ್ಟೇ. ನಾನು ಶಾಲೆಯಲ್ಲಿದ್ದಾಗ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ಬಸ್ಸು ನಮ್ಮೂರಿಗೆ ಬಂದಿತ್ತು. ಬಸ್ಸಿನ ಪಕ್ಕದಲ್ಲೇ ಕಿಟಕಿಯಂಥ ಪೆಟ್ಟಿಗೆಗಳು, ಗುಂಡಿ ಒತ್ತಿದರೆ ಏನೋ ತಿರುಗೋದು. ಹಿಡಿ ತಿರುಗಿಸಿ ಬಲ್ಬು ಹತ್ತಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಹಾಗಾಗಿ ಹೊರಗಿನ ಹಳ್ಳಿ ಶಾಲೆಗಳಿಗೆ ನಾವೂ ಹೋಗೋಣ ಅಂತ ತೀರ್ಮಾನ ಆದಾಗ, ಎಲ್ಲಕ್ಕಿಂತ ದೊಡ್ಡ ತಮಾಷೆಯನ್ನೇ ತೆಗೆದುಕೊಂಡು ಹೋಗಬೇಕು ಅನ್ನಿಸಿತು. ಜೀಪಿಗೆ ಯಂತ್ರ ಹೇರಿ, ಟಾರ್ಪಾಲು ಕಟ್ಟಿ, ಹಿಂದಿನ ದಿನ ಸೀಗೆಕಾಯಿಯಲ್ಲಿ ತಲೆ ತೊಳೆದುಕೊಂಡು ಎಣ್ಣೆ ಸೋಕಿಸದೆ ಹೊರಟೆ. ಜುಲೈ ತಿಂಗಳು. ಮಳೆ ನಿಂತು ನಾಲ್ಕು ದಿನ ಆಗಿತ್ತೋ, ಮಳೆ ಹಿಡಿದು ನಾಲ್ಕು ದಿನ ಆಗಿತ್ತೋ, ಅಲ್ಲಿ ಎರಡೂ ಒಂದೇ.

ಯಂತ್ರ ಗರ್ ಅಂತ ತಿರುಗಿತು. ಕೂದಲು ಏಳಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಗಾಳಿಯಲ್ಲಿ ಅಷ್ಟು ತೇವ ಇದ್ದರೆ ಗುಂಡಿಗೆ ಹತ್ತಿದ ಚಾರ್ಜ್ ಹತ್ತಿದ ಹಾಗೇ ಸೋರಿ ಹೋಗುತ್ತೆ, ಪಟ್ಟಿ ಮತ್ತು ಕಂಬದ ಮೇಲೆ ಕಾಣದ ಹಾಗೆ ನೀರಿನ ಪಸೆ ಕೂತಿರುತ್ತೆ. ಇದು ಪುಸ್ತಕದಲ್ಲಿ ಇದೆ, ನಾನೇ ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಹೆಡ್ ಮಾಸ್ಟರು ಪಾಪ, ಬಿಸಿಯೂಟದ ಒಲೆಯಿಂದ ಕೆಂಡ ತರಿಸಿ ಕಾಯಿಸೋಣವಾ ಅಂದರು. ಮುಂದಿನ ಸಾಲಿನ ಹುಡುಗ "ಮಿಸ್, ಕರೆಂಟ್ ಇಲ್ವಾ?" ಅಂತ ಕೇಳಿದ. ಇನ್ನೊಂದು ಮಾತೂ ಇದೆ. ಅಲ್ಲಿನ ಹೆಣ್ಣುಮಕ್ಕಳೆಲ್ಲ ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರಿಬ್ಬನ್ ಬಿಗಿದಿದ್ದರು. ಯಂತ್ರ ಸರಿ ಇದ್ದಿದ್ದರೂ ಆ ಕೂದಲು ಏಳುತ್ತಿರಲಿಲ್ಲ.

ಅರವತ್ತು ಮಕ್ಕಳು, ಇನ್ನೂ ಒಂದೂವರೆ ಗಂಟೆ. ನಾನು ಸೀದಾ ಅಡುಗೆ ಕೋಣೆಗೆ ಹೋದೆ. ಅಡುಗೆ ಮಾಡುವ ಅಕ್ಕನ ಹತ್ತಿರ ಅರಿಶಿನದ ಪುಡಿ, ಪಾತ್ರೆ ತೊಳೆಯುವ ಸೋಪು, ಹುಣಸೆಹಣ್ಣು ಕೇಳಿದೆ. ನೋಟ್‌ಬುಕ್ಕಿನ ಬಿಳಿ ಹಾಳೆಗಳಿಗೆ ಅರಿಶಿನ ಬಳಿದು, ಒಲೆಯ ಪಕ್ಕ ಒಣಗಿಸಿ, ಅದರ ಮೇಲೆ ಬೆರಳಿನಲ್ಲಿ ಸೋಪಿನ ನೀರು ಮುಟ್ಟಿಸಿದರೆ ಮುಟ್ಟಿಸಿದಲ್ಲೆಲ್ಲ ಕೆಂಪು. ಹುಣಸೆ ರಸ ಬಿಟ್ಟರೆ ಮತ್ತೆ ಹಳದಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತೆ, ಹುಳಿ ತಗುಲಿದರೆ ಹಳದಿಗೆ ಮರಳುತ್ತೆ, ವಿಷಯ ಇಷ್ಟೇ. ಮಕ್ಕಳು ತಮ್ಮ ಹೆಸರು ಬರೆದರು, ಮೀಸೆ ಬರೆದರು, ಮೇಷ್ಟ್ರ ಚಿತ್ರ ಬರೆದು ಅಳಿಸಿದರು.

ನಾನು ದೊಡ್ಡ ಪಂಡಿತಳ ಹಾಗೆ ವಿವರಿಸುತ್ತಿದ್ದಾಗ ಅಡುಗೆಯ ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಆಮೇಲೆ ಹೇಳಿದರು: "ಇದೇನ್ ಮೇಡಂ, ಬಟ್ಟೆ ಒಗೆಯೋರಿಗೆಲ್ಲ ಗೊತ್ತು. ಸಾರು ಚೆಲ್ಲಿದ ಅಂಗಿಗೆ ಸೋಪು ಹಚ್ಚಿದ್ರೆ ಕೆಂಪಾಗಲ್ವಾ? ಆಮೇಲೆ ಬಿಸಿಲಿಗೆ ಹಾಕಿದ್ರೆ ಕಲೆ ಹೋಗುತ್ತೆ." ನಾನು ಬೆಪ್ಪಾಗಿ ನಿಂತೆ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತೆ ಅನ್ನುವುದು ನನ್ನ ಪಾಠದಲ್ಲಿ ಇರಲೇ ಇಲ್ಲ, ಅವರು ಒಂದೇ ಉಸಿರಿನಲ್ಲಿ ಸೇರಿಸಿಬಿಟ್ಟಿದ್ದರು. ಒಬ್ಬ ಹುಡುಗಿ ಎದ್ದು, "ಮದುವೇಲಿ ಆರತಿ ಎತ್ತೋ ಕೆಂಪು ನೀರೂ ಹಿಂಗೇ ಮಿಸ್, ಅಜ್ಜಿ ಅರಿಶಿನಕ್ಕೆ ಸುಣ್ಣ ಹಾಕ್ತಾರೆ" ಅಂದಳು. ಅವತ್ತು ಪಾಠ ಮಾಡಿದ್ದು ನಾನಲ್ಲ.

ಅಲ್ಲಿಂದ ಮೇಲೆ ನಮ್ಮ ಪೆಟ್ಟಿಗೆ ಬದಲಾಯಿತು. ಊರಲ್ಲಿ ಸಿಗದ ಯಾವ ಸಾಮಾನನ್ನೂ ಹೊರಗಿನ ಕಾರ್ಯಕ್ರಮಕ್ಕೆ ಒಯ್ಯುವುದಿಲ್ಲ ಅಂತ ನಾನೇ ಒಂದು ನಿಯಮ ಮಾಡಿಕೊಂಡೆ. ಭೂತಗನ್ನಡಿ ಮಾತ್ರ ಬಿಟ್ಟು, ಅದಿಲ್ಲದೆ ಆಗಲ್ಲ. ಅರಿಶಿನದ ಕಾಗದವನ್ನು ಈಗ ಮೊದಲೇ ಮಾಡಿಟ್ಟುಕೊಳ್ಳುತ್ತೇನೆ. ಬರೀ ನೀರಿನಲ್ಲಿ ಕಲಸಿದರೆ ಅರಿಶಿನ ಸರಿಯಾಗಿ ಕರಗುವುದಿಲ್ಲ, ಹಾಳೆಯ ಮೇಲೆ ತರಿತರಿ ಪುಡಿ ಉಳಿಯುತ್ತೆ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿಯನ್ನು ಬ್ರಷ್‌ನಲ್ಲಿ ಬಳಿದರೆ ಹಾಳೆ ಚಿನ್ನದ ಹಾಗೆ ಬರುತ್ತೆ. ಒಣಗಿಸುವುದು ನೆರಳಿನಲ್ಲಿ, ಒಲೆಯಿಂದ ದೂರದಲ್ಲಿ, ಸ್ಪಿರಿಟ್‌ಗೆ ಬೆಂಕಿ ಬೇಗ ಹಿಡಿಯುತ್ತೆ. ಬಿಸಿಲಿಗೆ ಯಾಕೆ ಹಾಕಬಾರದು ಅಂತ ಅಕ್ಕ ಹೇಳಿಯಾಗಿದೆ. ದಾಸವಾಳದ ಕೆಂಪು ಹೂವನ್ನು ಬಿಸಿ ನೀರಿಗೆ ಹಾಕಿ ಬಸಿದ ರಸವನ್ನೂ ಒಯ್ಯುತ್ತೇನೆ: ನಿಂಬೆ ಹಿಂಡಿದರೆ ಗುಲಾಬಿ, ಸೋಪು ಹಾಕಿದರೆ ಹಸಿರು. ಆದರೆ ಅದು ಮಾರನೆಯ ದಿನಕ್ಕೆ ನಾರುತ್ತೆ, ಅವತ್ತಿನದ್ದು ಅವತ್ತೇ ಮಾಡಬೇಕು.

ಇನ್ನೊಂದು ಬದಲಾವಣೆ, ಮೊದಲು ಪಂದ್ಯ. ಏನಾಗುತ್ತೆ ಅಂತ ಹೇಳಿದ ಮೇಲೇ ಪ್ರಯೋಗ. ಕೆಂಪಾಗುತ್ತಾ, ಹಸಿರಾಗುತ್ತಾ, ಏನೂ ಆಗಲ್ವಾ? ಕೈ ಎತ್ತಿ ಅಂದರೆ ಎಲ್ಲರೂ ಕ್ಲಾಸಿನ ಜಾಣ ಹುಡುಗಿಯ ಕಡೆ ತಿರುಗಿ, ಅವಳು ಎತ್ತಿದ ಕಡೆ ಕೈ ಎತ್ತುತ್ತಾರೆ. ಅದಕ್ಕೇ ಈಗ ಎಲ್ಲರೂ ಕಣ್ಣು ಮುಚ್ಚಿಕೊಂಡು ಕೈ ಎತ್ತಬೇಕು. ಮೇಷ್ಟ್ರೂ ಎತ್ತಬೇಕು. ಮೇಷ್ಟ್ರು ಸೋತರೆ ಆ ದಿನ ಗೆದ್ದ ಹಾಗೆ.

ಮ್ಯೂಸಿಯಂ ಒಳಗಿನ ಕಥೆಯೇ ಬೇರೆ. ಡಿಸೆಂಬರ್, ಜನವರಿಯಲ್ಲಿ ಪ್ರವಾಸದ ಬಸ್ಸುಗಳು ಬೇಲೂರು, ಹಳೇಬೀಡಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ನಿಲ್ಲುತ್ತವೆ. ನಲವತ್ತು ನಿಮಿಷ ಕೊಟ್ಟಿರುತ್ತಾರೆ, ಅದರಲ್ಲಿ ಹತ್ತು ನಿಮಿಷ ಬಾತ್‌ರೂಮಿಗೆ. ನಾವು ಗೋಡೆಯ ತುಂಬ "ಮುಟ್ಟಿ ನೋಡಿ" ಅಂತ ಬೋರ್ಡು ಹಾಕಿದ್ದೇವೆ, ಜೊತೆಗೆ ಬಂದವರು "ಏಯ್ ಮುಟ್ಟಬೇಡ್ರೋ" ಅಂತ ಕೂಗುತ್ತಲೇ ಇರುತ್ತಾರೆ. ಅವರದ್ದೂ ತಪ್ಪಲ್ಲ, ಏನಾದರೂ ಮುರಿದರೆ ದುಡ್ಡು ಕೇಳುತ್ತಾರೆ ಅನ್ನುವ ಭಯ. ಈಗ ಬಸ್ಸು ಇಳಿಯುವಾಗಲೇ ಹೇಳಿಬಿಡುತ್ತೇನೆ, ಮುರಿದರೆ ನಾನು ನೋಡಿಕೊಳ್ಳುತ್ತೇನೆ ಅಂತ. ಮುರಿಯುವುದು ಹಿಡಿಗಳೇ ಜಾಸ್ತಿ. ಎದುರಿನ ಸೈಕಲ್ ಶಾಪಿನವರು ಪೆಡಲ್ ಕಡ್ಡಿ ಕೂಡಿಸಿ ರಿಪೇರಿ ಮಾಡಿಕೊಡುತ್ತಾರೆ, ಹೊಸದಕ್ಕಿಂತ ಗಟ್ಟಿ.

ಶೂನ್ಯ ನೆರಳಿನ ದಿನದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಸೂರ್ಯ ದಿನಾ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಅಂತ ನಾವೆಲ್ಲ ಮಾತಿಗೆ ಹೇಳುತ್ತೇವೆ. ನಿಜಕ್ಕೂ ಸರಿಯಾಗಿ ನೆತ್ತಿಗೆ ಬರುವುದು ನಮ್ಮ ಕಡೆ ವರ್ಷಕ್ಕೆ ಎರಡೇ ದಿನ. ಬೆಂಗಳೂರು, ಹಾಸನ, ಮಂಗಳೂರು ಎಲ್ಲ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿವೆ, ಹಾಗಾಗಿ ಸೂರ್ಯ ದಿನಾ ಚೂರುಚೂರು ಉತ್ತರಕ್ಕೆ ಸರಿಯುವಾಗ ಏಪ್ರಿಲ್ 24ರ ಆಸುಪಾಸು ಒಂದು ಸಲ, ದಕ್ಷಿಣಕ್ಕೆ ಮರಳುವಾಗ ಆಗಸ್ಟ್ 18ರ ಆಸುಪಾಸು ಇನ್ನೊಂದು ಸಲ. ದೆಹಲಿಯವರಿಗೆ ಒಂದು ದಿನವೂ ಇಲ್ಲ. ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತೆ. ಇಷ್ಟು ಚಂದದ ಪ್ರಯೋಗ, ಒಂದು ಕೋಲು ಸಾಕು. ತೊಂದರೆ ಏನು ಅಂದರೆ ಏಪ್ರಿಲ್ 24ಕ್ಕೆ ಶಾಲೆಗೆ ಬೇಸಿಗೆ ರಜೆ, ಆಗಸ್ಟ್ 18ಕ್ಕೆ ಮೋಡ. ಎರಡು ವರ್ಷ ಆಗಸ್ಟಿನಲ್ಲಿ ಕೊಡೆ ಹಿಡಿದುಕೊಂಡು ಮೈದಾನದಲ್ಲಿ ನಿಂತು ವಾಪಸ್ ಬಂದಿದ್ದೇವೆ.

ಆಮೇಲೆ ಒಂದು ವರ್ಷ ಏಪ್ರಿಲ್ 24 ಹತ್ತಿರದ ಹೋಬಳಿಯ ಸಂತೆಯ ದಿನವೇ ಬಿತ್ತು. ಶಾಲೆ ಇಲ್ಲದಿದ್ದರೆ ಬೇಡ, ಸಂತೆಗೇ ಹೋಗೋಣ ಅಂತ ಹೊರಟೆವು. ಒಂದು ಮೀಟರಿನ ಪ್ಲಾಸ್ಟಿಕ್ ಪೈಪು, ಒಂದು ಹಲಗೆ, ಒಂದು ಕೊಡೆ. ಪೈಪು ನಿಲ್ಲಿಸುವುದರಲ್ಲೇ ಎಡವಟ್ಟಾಯಿತು. ನನ್ನ ಕಣ್ಣಿಗೆ ನೆಟ್ಟಗಿತ್ತು. ಪಕ್ಕದಲ್ಲಿ ಅಂಗಡಿಗೆ ಗಾರೆ ಹಾಕುತ್ತಿದ್ದವರೊಬ್ಬರು ಬಂದು ನೋಡಿ, "ವಾಲಿದೆ ಮೇಡಂ" ಅಂದರು. ತಮ್ಮ ರಸಮಟ್ಟ, ಅಂದರೆ ಗಾಳಿಗುಳ್ಳೆ ನೋಡಿ ಮಟ್ಟ ಹಿಡಿಯುವ ಪಟ್ಟಿ, ತಂದು ಹಲಗೆಯ ಮೇಲಿಟ್ಟರು. ಗುಳ್ಳೆ ಮಧ್ಯಕ್ಕೆ ಬಂದ ಮೇಲೂ ಸುಮ್ಮನಾಗಲಿಲ್ಲ, ರಸಮಟ್ಟವನ್ನೇ ಹಿಂದುಮುಂದು ತಿರುಗಿಸಿ ಅದೇ ಜಾಗದಲ್ಲಿ ಮತ್ತೆ ಇಟ್ಟರು. ಹಾಗೆ ತಿರುಗಿಸಿದಾಗಲೂ ಗುಳ್ಳೆ ಅಲ್ಲೇ ನಿಂತರೆ ಮಾತ್ರ ರಸಮಟ್ಟ ಸರಿಯಿದೆ ಅಂತ ನಂಬಬೇಕಂತೆ. ಅಳೆಯುವ ಸಾಮಾನನ್ನು ಮೊದಲು ಅಳೆಯಬೇಕು ಅನ್ನುವುದನ್ನು ನಾನು ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಓದಿದ್ದೆ, ಅಷ್ಟು ಚೆನ್ನಾಗಿ ಯಾರೂ ತೋರಿಸಿರಲಿಲ್ಲ. ಆಮೇಲೆ ತೂಗುಗುಂಡು ಇಳಿಬಿಟ್ಟು ಪೈಪನ್ನು ಎರಡೂ ಕಡೆಯಿಂದ ನೋಡಿ ನಿಲ್ಲಿಸಿದರು.

ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋದೆವು. ಪಂದ್ಯ ಇಲ್ಲಿಯೂ ಉಂಟು. ನೆರಳು ಪೂರ್ತಿ ಹೋಗುತ್ತೆ ಅಂತ ನಾನು, ಹೋಗಲ್ಲ ಅಂತ ಸೊಪ್ಪು ಮಾರುವ ಅಜ್ಜಿ ಮತ್ತು ಸುಮಾರು ಇಪ್ಪತ್ತು ಜನ. 12:17ಕ್ಕೆ ಬೆಂಗಳೂರಿನಿಂದ ಗೆಳತಿ ಫೋನ್ ಮಾಡಿ, "ನಮ್ಮ ಟೆರೇಸಿನಲ್ಲಿ ನೆರಳು ಹೋಯ್ತು ಕಣೆ" ಅಂದಳು. ಅದನ್ನು ಸ್ಪೀಕರಿನಲ್ಲಿ ಹಾಕಿದ್ದೆ. ನಮ್ಮ ಪೈಪಿನ ಪಡುವಣ ಪಕ್ಕದಲ್ಲಿ ಇನ್ನೂ ಎರಡು ಬೆರಳಿನಷ್ಟು ನೆರಳು ಇತ್ತು. ಜನ ನಗಾಡಿದರು. ಆರು ನಿಮಿಷ ಕಾಯಿರಿ ಅಂದೆ. ಬೆಂಗಳೂರು ನಮಗಿಂತ ಪೂರ್ವಕ್ಕೆ ಸುಮಾರು ಒಂದೂವರೆ ಡಿಗ್ರಿ, ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ. ಆ ಆರು ನಿಮಿಷ ನನಗೆ ಜನ್ಮದಲ್ಲಿ ಅಷ್ಟು ಉದ್ದ ಅನ್ನಿಸಿರಲಿಲ್ಲ. ನೆರಳು ಗೆರೆಯಷ್ಟಾಯಿತು, ಆಮೇಲೆ ಇಲ್ಲ.

"ಎಲ್ಲೋಯ್ತಪ್ಪ ಇದು?" ಅಂತ ಅಜ್ಜಿ ಬಗ್ಗಿ ಪೈಪಿನ ಸುತ್ತ ಕೈಯಾಡಿಸಿದರು. ಆಮೇಲೆ ತಮ್ಮ ಸೊಪ್ಪಿಗೆ ನೀರು ಚಿಮುಕಿಸುವ ಬಿಂದಿಗೆ ತಂದು ಪಕ್ಕಕ್ಕಿಟ್ಟು, "ಇದಕ್ಕೆ ಐತಲ್ಲ ನೆಳ್ಳು" ಅಂದರು. ಇತ್ತು. ಬಿಂದಿಗೆಯ ಹೊಟ್ಟೆ ಬುಡಕ್ಕಿಂತ ಅಗಲ, ಹಾಗಾಗಿ ಬುಡದ ಸುತ್ತ ಬಳೆಯ ಹಾಗೆ ನೆರಳು, ಎಲ್ಲ ಕಡೆಯೂ ಒಂದೇ ಅಗಲ. ಪೈಪಿಗಿಂತ ಅದೇ ಒಳ್ಳೆಯ ಸಾಕ್ಷಿ. ಈಗ ನಾನು ಎಲ್ಲಿಗೆ ಹೋದರೂ ಪೈಪಿನ ಜೊತೆ ಒಂದು ಬಿಂದಿಗೆ ಇಡುತ್ತೇನೆ. ಪಂದ್ಯ ಸೋತಿದ್ದಕ್ಕೆ ಅಜ್ಜಿ ಎರಡು ಕಟ್ಟು ದಂಟಿನ ಸೊಪ್ಪು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ನೀವೂ ಮಾಡುವುದಾದರೆ ಮರೆಯಬೇಡಿ: ಕುಡಿಯುವ ನೀರು ಜಾಸ್ತಿ ಇಟ್ಟುಕೊಳ್ಳಿ, ಜನರನ್ನು ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಸಿಲಿನಲ್ಲಿ ನಿಲ್ಲಿಸಬೇಡಿ, ಮಕ್ಕಳು ಸೂರ್ಯನನ್ನೇ ನೋಡಲು ಹೋಗುತ್ತಾರೆ, ಅದಕ್ಕೆ ಬಿಡಬೇಡಿ. ಗುರುತು ಹಾಕಲು ಸೀಮೆಸುಣ್ಣ ಬೇಡ, ಸಂತೆಯಲ್ಲಿ ಕಾಲಿಗೆ ಸಿಕ್ಕಿ ಅಳಿಸಿ ಹೋಗುತ್ತೆ.

ಮರುವರ್ಷ ಏಪ್ರಿಲ್ ಮೂರನೇ ವಾರ ಫೋನ್ ಬಂತು. ಅದೇ ಗಾರೆ ಕೆಲಸದವರು, ಈಗ ತುಮಕೂರಿನಲ್ಲಿ ಕೆಲಸ ಹಿಡಿದಿದ್ದರು. "ಮೇಡಂ, ಇಲ್ಲಿ ನೆರಳು ಯಾವಾಗ ಹೋಗುತ್ತೆ?" ಕಾಗದ ತೆಗೆದು ಲೆಕ್ಕ ಹಾಕಿದೆ. ತುಮಕೂರು ನಮಗಿಂತ ಸ್ವಲ್ಪ ಉತ್ತರಕ್ಕೆ, ಹಾಗಾಗಿ ಒಂದು ದಿನ ತಡ. ಸ್ವಲ್ಪ ಪೂರ್ವಕ್ಕೂ ಹೌದು, ಹಾಗಾಗಿ ನಾಲ್ಕು ನಿಮಿಷ ಮೊದಲು. ನಾನು ಹೇಳಿದ ದಿನ ಮಧ್ಯಾಹ್ನ ಫೋಟೋ ಕಳಿಸಿದರು. ಹೊಸ ಮೋಲ್ಡಿನ ಮೇಲೆ ಒಂದು ಕಬ್ಬಿಣದ ಕಂಬಿ, ಸುತ್ತ ಸಿಮೆಂಟು ಮೆತ್ತಿದ ಏಳೆಂಟು ಜೊತೆ ಕಾಲು. ಕಂಬಿಯ ಬುಡದಲ್ಲಿ ಒಂದು ಚೂರು ನೆರಳು ಇನ್ನೂ ಕಾಣುತ್ತಿತ್ತು. ಏನಾಯ್ತು ಅಂತ ಕೇಳುವ ಮೊದಲೇ ವಾಯ್ಸ್ ಮೆಸೇಜು ಬಂತು: "ಕಂಬಿ ವಾಲಿತ್ತು ಮೇಡಂ, ನಮ್ಮ ಹುಡುಗ ನಿಲ್ಲಿಸಿದ್ದು."