ಬೆಳಕಿಂಡಿ ಸೋರುತ್ತಿದೆಯಾ? ರಿಪೇರಿ ಖರ್ಚನ್ನು ಮೊದಲು ನೀವೇ ಲೆಕ್ಕ ಹಾಕಿ

ನಮ್ಮ ಕಲಬುರಗಿ ಬಿಸಿಲು ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲಿನ ಬೆಳಕಿಂಡಿಯ ಗಾಜು, ಕಬ್ಬಿಣದ ಚೌಕಟ್ಟು, ಸಿಮೆಂಟು ಒಂದೊಂದೂ ಒಂದೊಂದು ಅಳತೆಯಲ್ಲಿ ಹಿಗ್ಗಿ, ರಾತ್ರಿ ಕುಗ್ಗಿ, ನಡುವೆ ಹಾಕಿದ ಸಿಲಿಕೋನ್ ಬಿರುಕು ಬಿಡುತ್ತದೆ. ನಮಗೆ ಗೊತ್ತಾಗುವುದು ಜೂನ್ ಮಳೆಗೆ, ಪಡಸಾಲೆಯಲ್ಲಿ ಬಕೆಟ್ ಇಟ್ಟಾಗಲೇ. ಆಗ ಮಿಸ್ತ್ರಿ ಕೆಳಗೆ ನಿಂತೇ ಒಂದು ಮೊತ್ತ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಮೊದಲು ಸೋರುವ ಜಾಗ ಹುಡುಕಿ. ಮಳೆಯಿಲ್ಲದ ದಿನ ಒಬ್ಬರು ಮೇಲೆ ಪೈಪ್ ಹಿಡಿಯಲಿ, ಇನ್ನೊಬ್ಬರು ಒಳಗೆ ನಿಂತು ನೋಡಲಿ. ಕಿಂಡಿಯ ಸುತ್ತ ಮಾಳಿಗೆಯಿಂದ ಎತ್ತರಿಸಿ ಕಟ್ಟಿದ ಕಟ್ಟೆಯ ಬುಡಕ್ಕೆ 10 ನಿಮಿಷ ನೀರು ಬಿಡಿ, ಆಮೇಲೆ ಗಾಜಿನ ಅಂಚಿಗೆ, ಕೊನೆಗೆ ಗಾಜಿನ ಮೇಲೆ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ. ಗಾಜಿನ ಮೇಲೆ ಮಾತ್ರ ಕಾಲಿಡಬೇಡಿ.

ಅಂಚು ಸೋರುತ್ತಿದ್ದರೆ ಖರ್ಚು ಕಡಿಮೆ. 3 ಅಡಿಗೆ 4 ಅಡಿ ಕಿಂಡಿಯ ಸುತ್ತಳತೆ 14 ಅಡಿ, ಒಳಗೂ ಹೊರಗೂ ಸೇರಿ 28 ಅಡಿ. 6 ಮಿ.ಮೀ. ದಪ್ಪಕ್ಕೆ ಹಾಕಿದರೆ 280 ಮಿ.ಲೀ. ಸಿಲಿಕೋನ್ ಟ್ಯೂಬ್ ಸುಮಾರು 25 ಅಡಿ ಬರುತ್ತದೆ, ಅಂದರೆ ಎರಡು ಟ್ಯೂಬ್ ಬೇಕು. ಹಳೆಯದನ್ನು ಪೂರ್ತಿ ಕೆರೆದು ತೆಗೆಯುವುದೂ ಸೇರಿ ಅರ್ಧ ದಿನದ ಕೂಲಿ. ಆದರೆ ಟ್ಯೂಬ್ ಕೊಳ್ಳುವಾಗ ಹುಷಾರು. ವಿನೆಗರ್ ತರಹ ಹುಳಿ ವಾಸನೆ ಬರುವ ಸಿಲಿಕೋನ್ ಬೇಡ. ನಮ್ಮ ಶಹಾಬಾದ್ ಪರಸಿ ಸುಣ್ಣದಕಲ್ಲು, ಅದಕ್ಕೂ ಸಿಮೆಂಟಿಗೂ ಆ ಆಮ್ಲ ಆಗಿಬರುವುದಿಲ್ಲ, ಹಿಡಿತ ಬಿಡುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತಲೇ ಕೇಳಿ.

ಗಾಜು ಒಡೆದಿದ್ದರೆ 12 ಚದರಡಿಯನ್ನು ಅಂಗಡಿಯ ರೇಟಿಗೆ ಗುಣಿಸಿ. ತಲೆ ಮೇಲಿನ ಗಾಜಲ್ವಾ, ಸ್ವಲ್ಪ ಜಾಸ್ತಿಯಾದರೂ ಲ್ಯಾಮಿನೇಟೆಡ್ ಹಾಕಿಸಿ, ಒಡೆದರೂ ಚೂರುಗಳು ಅಂಟಿಕೊಂಡೇ ಇರುತ್ತವೆ.

ದೊಡ್ಡ ಖರ್ಚು ಕಟ್ಟೆಯದು. ನಮ್ಮ ಮನೆಯಲ್ಲಿ ಎರಡು ವರ್ಷ ಸುಮ್ನೆ ಅಂಚಿಗೆ ಸಿಲಿಕೋನ್ ಬಳಿಸಿದೆವು, ನೀರು ಬರುತ್ತಿದ್ದದ್ದು ಬುಡದಿಂದ. ಕಟ್ಟೆಯ ಎತ್ತರ 6 ಇಂಚಿಗಿಂತ ಕಡಿಮೆ ಇದ್ದರೆ ಮಾಳಿಗೆಯಲ್ಲಿ ನಿಂತ ನೀರು ಒಳಗೇ ಬರುತ್ತದೆ. ಇಟ್ಟಿಗೆ, ಸಿಮೆಂಟು, ವಾಟರ್‌ಪ್ರೂಫ್ ಕೋಟಿಂಗ್, ಜೊತೆಗೆ ಮಿಸ್ತ್ರಿಗೂ ಕೂಲಿಯಾಳಿಗೂ ಎರಡು ದಿನದ ಪಗಾರ ಹಿಡಿಯಿರಿ. ಇಲ್ಲಿ ಕೈ ಬಿಗಿ ಮಾಡಬೇಡಿ.

ಎಲ್ಲ ಕೂಡಿಸಿ ಮೇಲೆ ನೂರಕ್ಕೆ 15 ಎತ್ತಿಡಿ. ಚೌಕಟ್ಟು ಬಿಚ್ಚಿದಾಗ ತುಕ್ಕು ಕಾಣಬಹುದು. ಈಗ ಮೂವರು ಮಿಸ್ತ್ರಿಗಳನ್ನು ಕರೆದು ಮೇಲೆ ಹತ್ತಿಸಿ, ಸಾಮಾನು ಬೇರೆ, ಕೂಲಿ ಬೇರೆ ಬರೆಸಿಕೊಳ್ಳಿ, ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಸ್ವಲ್ಪ ಹಣ ಕೈಯಲ್ಲೇ ಇರಲಿ. ಸಿಲಿಕೋನ್ ಒಣಗಲು ಎರಡು ಮೂರು ದಿನ ಬಿಟ್ಟು, ಮತ್ತೆ ಪೈಪ್ ಹಿಡಿದು ನೋಡಿ ಉಳಿದದ್ದು ಕೊಡಿ.